ತಂಗಿ ಉಳಿಸಿದ ಹಲ್ಲು

"ಕೀಳ್ಬ್ಯಾಡಿ ಡಾಕ್ಟ್ರೇ, ನಮ್ಮಣ್ಣನ ಹೆಸ್ರೂ ಇದ್ರಲ್ಲೈತೆ" ಎಂದು ತಂಗಿ ಮೇಜಿನ ಮೇಲೆ ಒಂದು ಕಾರ್ಡ್ ಇಟ್ಟಳು. ಅದು ಹಲ್ಲಿನ ಇನ್ಶೂರೆನ್ಸ್ ಕಾರ್ಡ್. ನನ್ನದು ಕೊಬ್ಬರಿ ವ್ಯಾಪಾರ. ಒಣಗಿದೆಯೇ ಎಂದು ಕಚ್ಚಿ ನೋಡಿದ ಕೊಬ್ಬರಿಯಲ್ಲಿ ಚಿಪ್ಪಿನ ಚೂರಿದ್ದು, ದವಡೆ ಹಲ್ಲು ಸೀಳಿಹೋಗಿತ್ತು. ಉಳಿಸುವ ಖರ್ಚು ಕೇಳಿ, ಕಿತ್ತುಬಿಡಿ ಎಂದು ಆಗತಾನೇ ಹೇಳಿದ್ದೆ.

ನನಗೆ ತಲೆ ಎತ್ತಲಾಗಲಿಲ್ಲ. ಎರಡು ವರ್ಷದ ಹಿಂದೆ ಮನೆಮಂದಿಗೆಲ್ಲ ಈ ಇನ್ಶೂರೆನ್ಸ್ ಮಾಡಿಸೋಣ ಎಂದು ಅವಳು ಕೇಳಿದಾಗ, ಹಲ್ಲಿಗೆಲ್ಲ ದುಡ್ಡು ಸುರಿಯಬೇಕಾ, ಲವಂಗ ಇಟ್ಟುಕೋ ಎಂದು ಗದರಿದ್ದೆ. ಆಗಲೇ ನೋಯುತ್ತಿದ್ದ ಅವಳ ಹಲ್ಲನ್ನು ಕೊನೆಗೆ ಕೀಳಿಸಬೇಕಾಯಿತು. ಆಮೇಲೆ ಅವಳು ಹೊಲಿಗೆಯ ದುಡ್ಡಿನಲ್ಲಿ ನನಗೆ ಹೇಳದೆ ಎಲ್ಲರಿಗೂ ಮಾಡಿಸಿದ್ದಳು.

"ನನ್ನನ್ಯಾಕೆ ಸೇರಿಸ್ದೆ?" ಎಂದೆ.

"ದಿನಾ ಕೊಬ್ರಿ ಕಚ್ಚೋ ಬಾಯಿ ನಿಂದು. ಮೊದ್ಲು ಬರೆಸಿದ್ದೇ ನಿನ್ ಹೆಸ್ರು ಕಣಣ್ಣ. ಈಗ ಸುಮ್ಕೆ ಬಾಯ್ ತೆಗಿ" ಎಂದು ನಕ್ಕಳು.

ಎಲ್ಲ ಮನೆಗೂ ಈ ಖರ್ಚು ಬೇಕೇ ಬೇಡವೇ ಎಂದು ಹೇಳುವಷ್ಟು ಓದಿದವನಲ್ಲ ನಾನು. ನಮ್ಮ ಮನೆಗೆ ಬೇಕಿತ್ತು. ನನ್ನ ಹಲ್ಲು ಉಳಿಯಿತು. ಉಳಿಸಿದವಳು ಮಾತ್ರ ಇವತ್ತಿಗೂ ಒಂದೇ ದವಡೆಯಲ್ಲಿ ಅಗಿಯುತ್ತಾಳೆ. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ, ತಪ್ಪಾಯಿತಮ್ಮ.