ಟಪಾಲು ತಿಮ್ಮಣ್ಣನ ಕ್ಯಾಪ್ಟನ್‌ಗಿರಿ

ಫುಟ್‌ಬಾಲ್ ಆಡುತ್ತಿದ್ದೆ ಎಂದು ಹೇಳಿಕೊಳ್ಳುವ ನಾನು ಮೈದಾನದಲ್ಲಿ ಹೆಚ್ಚು ಓಡಿದವನಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮಧುಗಿರಿಯ ಪೇಟೆ ಬೀದಿಯಲ್ಲಿ ನಮ್ಮದು ಜವಳಿ ಅಂಗಡಿ. ಚಿಕ್ಕಂದಿನಿಂದ ಗಾದಿಯ ಮೇಲೆ ಕೂತು ಬೆಳೆದ ಮೈ. ಓಡಲಾರದವನನ್ನು ಎಲ್ಲಿಯಾದರೂ ನಿಲ್ಲಿಸಬೇಕಲ್ಲ ಎಂದು ನಮ್ಮ ಡ್ರಿಲ್ ಮೇಷ್ಟ್ರು ಶಿವಲಿಂಗಯ್ಯನವರು ನನ್ನನ್ನು ಗೋಲಿನ ಎರಡು ಕಂಬಗಳ ನಡುವೆ ನಿಲ್ಲಿಸಿದರು. ಅಗಲದಲ್ಲಿ ನಾನೇ ಅರ್ಧ ಗೋಲನ್ನು ಮುಚ್ಚುತ್ತೇನೆ, ಉಳಿದರ್ಧವನ್ನು ಶಿವ ನೋಡಿಕೊಳ್ಳುತ್ತಾನೆ ಎಂಬುದು ಅವರ ಲೆಕ್ಕ.

ಆದ್ದರಿಂದ ನಾನು ಹೇಳುವುದೆಲ್ಲ ನಿಂತಲ್ಲೇ ನಿಂತು ನೋಡಿದ್ದು. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನೇ ಕ್ಯಾಪ್ಟನ್ ಮಾಡಬೇಕೇ ಬೇಡವೇ ಎಂದು ಯಾರಾದರೂ ವಾದ ಹೂಡಿದರೆ ಸಾಕು, ಇಂದಿಗೂ ನಾನು ನಡುವೆ ಬಾಯಿ ಹಾಕುತ್ತೇನೆ. ಏಕೆಂದರೆ ಆ ವಾದದ ಎರಡು ಪಕ್ಷಗಳನ್ನೂ ನಾನು ಒಂದೇ ಸಂಜೆ ಕಣ್ಣಾರೆ ಕಂಡಿದ್ದೇನೆ.

ನಮ್ಮಲ್ಲಿ ಚೆನ್ನಾಗಿ ಆಡುವವನು ತಿಮ್ಮಣ್ಣ. ಕೋಟೆಯ ಹಿಂದಿನ ಹಟ್ಟಿಯವನು. ಟಪಾಲಿನ ಚೀಲ ಹೊತ್ತು ಐ.ಡಿ.ಹಳ್ಳಿಯ ದಾರಿಯಲ್ಲಿ ಓಡುವುದು ಅವನ ನೌಕರಿ. ಬೆಳಗ್ಗೆ ಅಷ್ಟು ದೂರ ಓಡಿ ಬಂದವನು ಸಂಜೆ ಬರಿಗಾಲಲ್ಲಿ ಮೈದಾನಕ್ಕಿಳಿದರೆ, ಬೆಳಗಿನದು ಬರೀ ಕಾಲು ಸಡಿಲ ಮಾಡಿಕೊಳ್ಳಲು ಓಡಿದ್ದೇನೋ ಎನ್ನಿಸುತ್ತಿತ್ತು. ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಬೇಲಿಯಾಚೆ ದನ ಕಾಯುವವರು ಕೂಡ ಎದ್ದು ನಿಲ್ಲುತ್ತಿದ್ದರು.

ಆ ವರ್ಷ ನಮ್ಮ ಅಮಲ್ದಾರರು ಒಂದು ಬೆಳ್ಳಿಯ ಬಟ್ಟಲು ಮಾಡಿಸಿ, ಮಧುಗಿರಿ ಮತ್ತು ಸಿರಾ ತಂಡಗಳಲ್ಲಿ ಗೆದ್ದವರಿಗೆ ಅದು ಎಂದು ಸಾರಿದರು. ಕ್ಯಾಪ್ಟನ್ ಯಾರಾಗಬೇಕು? ಊರಿಗೆ ಊರೇ ಒಂದೇ ಹೆಸರು ಹೇಳಿತು. ತಿಮ್ಮಣ್ಣ ಮಾತ್ರ ತಲೆ ಕೆರೆದುಕೊಂಡ. "ನನಗ್ಯಾಕೆ ಸ್ವಾಮಿ ಅದೆಲ್ಲಾ? ಬಾಲು ಕೊಡಿ, ಒದೀತೀನಿ" ಎಂದ. ಮೇಷ್ಟ್ರು ಬಿಡಲಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಭಾಷೆ ಈ ವಿಷಯದಲ್ಲಿ ನಮ್ಮನ್ನು ಚೆನ್ನಾಗಿ ಏಮಾರಿಸಿದೆ. ನಾಟಕದಲ್ಲಿ ಎಲ್ಲರ ಕಣ್ಣೂ ಯಾರ ಮೇಲೆ ಇರುತ್ತದೆಯೋ ಅವನನ್ನು ನಾಯಕ ಎನ್ನುತ್ತೇವೆ. ದಂಡಿನಲ್ಲಿ ಯಾರು ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾನೋ ಅವನನ್ನೂ ನಾಯಕ ಎನ್ನುತ್ತೇವೆ. ಪಂಡಿತರನ್ನು ಕೇಳಿದರೆ ಆ ಶಬ್ದದ ಧಾತುವಿಗೆ ಒಯ್ಯುವುದು ಎಂದು ಅರ್ಥ ಹೇಳುತ್ತಾರೆ. ಹಾಗೆ ನೋಡಿದರೆ ದಿನಾ ಟಪಾಲು ಒಯ್ಯುವ ತಿಮ್ಮಣ್ಣನಿಗಿಂತ ದೊಡ್ಡ ನಾಯಕ ತಾಲ್ಲೂಕಿನಲ್ಲಿ ಇರಲಿಲ್ಲ. ಆದರೆ ಟಪಾಲಿನ ಚೀಲ ಎದುರು ಮಾತಾಡುವುದಿಲ್ಲ. ನಾವು ಹತ್ತು ಜನ ಮಾತಾಡುತ್ತಿದ್ದೆವು.

ಬಟ್ಟಲಿನ ಪಂದ್ಯಕ್ಕೆ ಮೂರು ವಾರ ಮೊದಲು, ಅಭ್ಯಾಸಕ್ಕೆಂದು ಸಿರಾಕ್ಕೆ ಹೋಗಿ ಒಂದು ಆಟ ಆಡಿದೆವು. ತಿಮ್ಮಣ್ಣ ಕ್ಯಾಪ್ಟನ್ ಆಗಿ ಮೊದಲನೆಯದು. ನಾಲ್ಕು ಗೋಲು ತಿಂದು ಬಂದೆವು. ನಾಲ್ಕನ್ನೂ ತಿಂದವನು ನಾನೇ ಆದ್ದರಿಂದ ಲೆಕ್ಕ ಸರಿಯಾಗಿ ನೆನಪಿದೆ.

ಆವತ್ತು ಎರಡು ಸಂಗತಿ ಗೊತ್ತಾದವು. ಮೊದಲನೆಯದು, ತಿಮ್ಮಣ್ಣನಿಗೆ ತನ್ನ ಆಟವನ್ನು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. "ಹೆಂಗೆ ತಿಮ್ಮಣ್ಣ ಅವನನ್ನ ದಾಟೋದು?" ಎಂದು ನಮ್ಮವರು ಕೇಳಿದರೆ, "ದಾಟ್‌ಬುಡೋದು ಸ್ವಾಮಿ, ಅಷ್ಟೆ" ಎನ್ನುತ್ತಿದ್ದ. ಅವನಿಗೆ ಅದು ನಿಜವಾಗಿಯೂ ಅಷ್ಟೇ ಆಗಿತ್ತು. ಎರಡನೆಯದು, ಆ 'ಸ್ವಾಮಿ'. ನಮ್ಮ ಮುಂದಿನ ಸಾಲಿನಲ್ಲಿ ಬಲಗಡೆ ಆಡುತ್ತಿದ್ದವರು ಕಚೇರಿಯ ಗುಮಾಸ್ತ ನಾರಾಯಣರಾಯರು. ದಿನಾ ಕೈಮುಗಿದು ಟಪಾಲು ಒಪ್ಪಿಸುವ ಮನುಷ್ಯರಿಗೆ ಸಂಜೆ ಹೊತ್ತು ಹುಕುಂ ಮಾಡುವುದು ಹೇಗೆ? ಚೆಂಡು ರಾಯರ ಪಕ್ಕದಲ್ಲೇ ಉರುಳಿ ಹೋಗುತ್ತಿದ್ದರೂ, "ತಾವು ಸ್ವಲ್ಪ ಮುಂದಕ್ಕೆ ದಯಮಾಡಿಸ್ತೀರಾ ಬುದ್ಧಿ" ಎಂದು ತಿಮ್ಮಣ್ಣ ಬೇಡುತ್ತಿದ್ದ. ಅವನ ಮಾತು ಮುಗಿಯುವುದರೊಳಗೆ ಚೆಂಡು ನನ್ನ ಬೆನ್ನ ಹಿಂದೆ ಇರುತ್ತಿತ್ತು.

ಸಿರಾದವರ ಕ್ಯಾಪ್ಟನ್ ಖಾದರ್ ಸಾಬರು ಇದಕ್ಕೆ ತದ್ವಿರುದ್ಧ. ದರ್ಜಿ ಕೆಲಸದವರು, ನಲವತ್ತರ ಹತ್ತಿರದ ವಯಸ್ಸು, ಹೊಟ್ಟೆಯಲ್ಲಿ ನನಗೆ ಸರಿಸಮ. ಇಡೀ ಆಟದಲ್ಲಿ ಐದಾರು ಸಲ ಚೆಂಡು ಮುಟ್ಟಿದ್ದರೆ ಹೆಚ್ಚು. ಬಾಯಿ ಮಾತ್ರ ಒಂದು ನಿಮಿಷ ಮುಚ್ಚಲಿಲ್ಲ. "ಜಲ್ದಿ ಬಾ, ಪೀಛೆ ನೋಡು, ಶಾಬಾಸ್ ಬೇಟಾ" ಎನ್ನುತ್ತ ಹತ್ತು ಜನರನ್ನೂ ಸೂಜಿ ದಾರದಂತೆ ಎಳೆದಾಡಿಸುತ್ತಿದ್ದರು.

ಬಟ್ಟಲಿನ ಪಂದ್ಯ ನಮ್ಮ ಬೆಟ್ಟದ ಬುಡದ ಮೈದಾನದಲ್ಲಿ. ಕೊರಟಗೆರೆ, ಪಾವಗಡದಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಅಮಲ್ದಾರರು ಕುರ್ಚಿಯಲ್ಲಿ, ಪೋಸ್ಟ್‌ಮಾಸ್ಟರು ಅವರ ಪಕ್ಕದ ಬೆಂಚಿನಲ್ಲಿ. ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ತಿಮ್ಮಣ್ಣ ಮಧ್ಯದಲ್ಲಿ ಚೆಂಡು ಹಿಡಿದು, ಅಡ್ಡ ಬಂದ ನಾಲ್ವರನ್ನು ದಾಟಿ ಗೋಲು ಹೊಡೆದೇಬಿಟ್ಟ. ಬೆಟ್ಟಕ್ಕೆ ಬಡಿದು ವಾಪಸು ಬಂದ ಜನರ ಕೂಗು ನಮ್ಮನ್ನು ಎರಡನೆಯ ಸಲ ಬೆಚ್ಚಿಬೀಳಿಸಿತು.

ಅರ್ಧ ಆಟ ಮುಗಿಯುವ ಹೊತ್ತಿಗೆ ಅನಾಹುತವಾಯಿತು. ಯಾರೂ ತಳ್ಳಲಿಲ್ಲ, ಯಾರೂ ಒದೆಯಲಿಲ್ಲ. ಎಗರಿದ ತಿಮ್ಮಣ್ಣ ಇಳಿಯುವಾಗ ಒಂದು ಗುಳಿಯಲ್ಲಿ ಕಾಲಿಟ್ಟ. ಪಾದ ಹೊರಳಿ ಕೀಲು ಉಳುಕಿತು. ನಾವೆಲ್ಲ ಓಡಿ ಹೋದೆವು. ನಾನು ಕೂಡ ಓಡಿದೆ. ಅವನ ಬಾಯಿಂದ ಬಂದ ಮೊದಲ ಮಾತು ಆಟದ್ದಲ್ಲ. "ನಾಳೆ ಟಪಾಲು ಹೆಂಗೆ ಹೋಗ್ತದೆ?" ಎಂದ.

ಬೆಂಚಿನಿಂದ ಎದ್ದು ಬಂದಿದ್ದ ಪೋಸ್ಟ್‌ಮಾಸ್ಟರು ಕಾಲು ನೋಡಿ, "ವಾಸಿ ಆಗೋವರೆಗೂ ನಿನ್ನ ತಮ್ಮ ಓಡಲಿ. ನೌಕರಿ ಎಲ್ಲೂ ಹೋಗಲ್ಲ" ಎಂದರು. ಆಗ ಅವನ ಮುಖಕ್ಕೆ ಕಳೆ ಬಂತು.

ಆ ದಿನಗಳಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲ. ಹತ್ತೇ ಜನ ಆಡಬೇಕು. ತಿಮ್ಮಣ್ಣ ಒಪ್ಪಲಿಲ್ಲ. ರುಮಾಲಿನಿಂದ ಕಾಲು ಬಿಗಿದುಕೊಂಡು, ಕುಂಟುತ್ತ ಬಂದು ನನ್ನ ಗೋಲಿನ ಮುಂದೆ ನಿಂತುಕೊಂಡ. ಅಷ್ಟರಲ್ಲೇ ಸಿರಾದವರು ನುಗ್ಗಿ ಒಂದು ಗೋಲು ಹೊಡೆದು ಸರಿಸಮ ಮಾಡಿದರು. ತಿಮ್ಮಣ್ಣ ಮಾತ್ರ ಮೈದಾನವನ್ನೇ ದಿಟ್ಟಿಸುತ್ತಿದ್ದ, ಹೊಸ ಊರಿಗೆ ಬಂದವನ ಹಾಗೆ.

"ಬಸಣ್ಣೋರೆ," ಎಂದ ಮೆಲ್ಲಗೆ, "ಇಲ್ಲಿಂದ ಎಲ್ಲಾ ಕಾಣ್ತದಲ್ಲ. ನೀವು ದಿನಾ ಇಂಗೇ ನೋಡ್ತಿದ್ರಾ?"

"ನೋಡ್ತಾನೇ ಇದ್ದೆ ಮಾರಾಯ" ಎಂದೆ.

"ಆ ಸಾಬ್ರ ಎಡಗೈ ಕಡೆ ಯಾವನೂ ಇಲ್ಲ. ಅಷ್ಟೂ ಜನ ನಾನು ಬತ್ತೀನಿ ಅಂತ ನಡುವೆ ಕಾಯ್ತಾವ್ರೆ."

ಮರುಕ್ಷಣ ಅವನ ಗಂಟಲಿನಿಂದ ಬಂದ ಧ್ವನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಲೇ ರಾಯಾ, ಅಲ್ಲೇ ಮುಂದಕ್ಕೋಗ್ಲಾ! ಹಿಂದಕ್ಕೆ ತಿರುಗಬ್ಯಾಡ ಕಣ್ಲಾ!"

ಕಚೇರಿಯ ನಾರಾಯಣರಾಯರು ಓಡಿದರು. ಹಾಗೆ ಅವರು ಓಡಿದ್ದನ್ನು ಅಮಲ್ದಾರರು ಕೂಡ ಕಂಡಿರಲಿಲ್ಲ. ಅಲ್ಲಿಂದ ತಿಮ್ಮಣ್ಣನ ಬಾಯಿ ನಿಲ್ಲಲಿಲ್ಲ. ಯಾರು ದಣಿದಿದ್ದಾರೆ, ಯಾರು ಹೆದರಿದ್ದಾರೆ, ಯಾರಿಗೆ ಬೈದರೆ ಕೆಲಸವಾಗುತ್ತದೆ, ಯಾರಿಗೆ ಭೇಷ್ ಎಂದರೆ ಆಗುತ್ತದೆ, ಎಲ್ಲವೂ ಅವನಿಗೆ ಕಂಡಿತು. ನನಗೂ "ಅಂಗೇ ಬಲಕ್ಕೆ ಬೀಳ್ರಿ ಬಸಣ್ಣೋರೆ" ಎಂದ. ಬಿದ್ದೆ. ಚೆಂಡು ನನ್ನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು. ಎದ್ದವನೇ ಅದನ್ನು ಅವನಿಗೆ ಉರುಳಿಸಿದೆ. ಅವನು ನೋವಿಲ್ಲದ ಕಾಲಿನ ಮೇಲೆ ನಿಲ್ಲಬೇಕು, ಆದ್ದರಿಂದ ಊದಿದ ಕಾಲಿನಿಂದಲೇ ಒದ್ದ. ಹಲ್ಲು ಕಚ್ಚಿ ಒದ್ದ. ಚೆಂಡು ಎಲ್ಲರ ತಲೆಯ ಮೇಲೆ ಹಾದು ರಾಯರ ಮುಂದೆ ಬಿತ್ತು. ರಾಯರು ಕಾಲು ಬೀಸಿದರು, ಚೆಂಡು ತಪ್ಪಿತು, ಮೊಣಕಾಲಿಗೆ ತಗುಲಿತು, ಗೋಲಿನೊಳಗೆ ಹೋಯಿತು.

ಬಟ್ಟಲು ನಮ್ಮದಾಯಿತು. ಖಾದರ್ ಸಾಬರು ಬಂದು ತಿಮ್ಮಣ್ಣನನ್ನು ತಬ್ಬಿಕೊಂಡು, "ಓಡೋ ತಿಮ್ಮಣ್ಣನಿಗೆ ತಯಾರಾಗಿ ಬಂದಿದ್ವಿ ಭಾಯಿ. ಕುಂಟೋ ತಿಮ್ಮಣ್ಣನ ವಿಷಯ ಯಾರೂ ಹೇಳಿರಲಿಲ್ಲ" ಎಂದರು.

ತಿಮ್ಮಣ್ಣನಿಗೆ ಮಾತ್ರ ಗೆಲುವಿಗಿಂತ ಅಳುಕೇ ಹೆಚ್ಚು. ರಾಯರ ಮುಂದೆ ಹೋಗಿ ಕೈಮುಗಿದ. "ತಪ್ಪಾಯ್ತು ಬುದ್ಧಿ. ಬಾಯಿ ಜಾರ್ಬುಡ್ತು."

ರಾಯರು ಇನ್ನೂ ಏದುಸಿರು ಬಿಡುತ್ತಿದ್ದರು. ಅವನ ಕೈ ಹಿಡಿದು ಕೆಳಗಿಳಿಸಿದರು. "ಆ 'ಲೇ' ಅನ್ನದೆ ಹೋಗಿದ್ದರೆ ನಾನಿನ್ನೂ ಅಲ್ಲೇ ನಿಂತಿರ್ತಿದ್ದೆ ಕಣಯ್ಯ. ಮೈದಾನದಲ್ಲಿ ಹಾಗೇ ಕರಿ" ಎಂದರು.

ಮುಂದಿನ ವರ್ಷ ಕಾಲು ಪೂರ್ತಿ ವಾಸಿಯಾಗಿತ್ತು. ಊರು ಮತ್ತೆ ಅವನ ಹೆಸರನ್ನೇ ಹೇಳಿತು. ತಿಮ್ಮಣ್ಣ ಈ ಸಲ ಖಡಾಖಂಡಿತವಾಗಿ ಬೇಡವೆಂದ. "ಕಾಲು ನೆಟ್ಟಗಿದ್ರೆ ನಾನು ಓಡ್ತೀನಿ. ಓಡಕ್ಕೆ ನಿಂತ್ರೆ ನನಗೆ ನೀವ್ಯಾರೂ ಕಾಣಕ್ಕಿಲ್ಲ. ಬಸಣ್ಣೋರನ್ನ ಮಾಡಿ" ಎಂದು ನನ್ನ ಕಡೆ ಬೆರಳು ತೋರಿಸಿದ. ನಗಬೇಕೋ ಗಾಬರಿಯಾಗಬೇಕೋ ನನಗೆ ತಿಳಿಯಲಿಲ್ಲ.

ಮೂರು ವರ್ಷ ನಾನು ಕ್ಯಾಪ್ಟನ್ ಆಗಿದ್ದೆ. ಬಹಳ ಜಾಣ ಕ್ಯಾಪ್ಟನ್ ಎಂದು ಪಾವಗಡದವರೆಗೂ ಹೆಸರು ಬಂತು. ಪ್ರತಿ ಆಟಕ್ಕೂ ಮೊದಲು ಹತ್ತು ಜನರನ್ನೂ ಸುತ್ತ ನಿಲ್ಲಿಸಿಕೊಂಡು, ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ನಾನು ಕೊಡುತ್ತಿದ್ದ ಅಪ್ಪಣೆ ಒಂದೇ: "ಚೆಂಡು ಸಿಕ್ಕಿದರೆ ತಿಮ್ಮಣ್ಣನಿಗೆ ಕೊಡಿ."