ಸಿಡಿಲಿನ ಫೋಟೊ

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಸಾಹೇಬರ ಫೋಟೊ ಸ್ಟುಡಿಯೊ ಇತ್ತು. ಮುಂಗಾರಿಗೆ ಮುಂಚಿನ ಮೋಡ ಕಟ್ಟಿತೆಂದರೆ ಸಾಹೇಬರು ಬಾಗಿಲು ಹಾಕಿ, ಸಿಡಿಲಿನ ಫೋಟೊ ತೆಗೆಯಲು ಬಯಲಿಗೆ ಹೊರಡುತ್ತಿದ್ದರು. ಗಿರಾಕಿಗಳಿಗೆ ಹೇಳುವ ಮಾತನ್ನೇ ಮೋಡಕ್ಕೂ ಹೇಳುತ್ತಿದ್ದರು: “ಒಂಚೂರು ಅಲ್ಲಾಡಬ್ಯಾಡ್ರಿ.”

ಒಂದು ಸಂಜೆ ಅವರ ಸ್ಕೂಟರಿನ ಹಿಂದೆ ಕುಳಿತು ನಾನೂ ಹಿರೇಗುಂಟನೂರಿನ ಕಡೆ ಹೋದೆ. ಮೋಡದಿಂದಾಗಿ ಆಗಲೇ ಕತ್ತಲು ಕವಿದಿತ್ತು. ಬಯಲಿನ ಒಂಟಿ ಬೇವಿನ ಮರಕ್ಕೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಗುರಿಯಿಟ್ಟು, ಮಿಂಚು ಹೊಡೆದಾಗ ತಾನಾಗೇ ಫೋಟೊ ಮೂಡಲೆಂದು ಶಟರ್ ತೆರೆದೇ ಇಟ್ಟು ಕಾದರು. ಅಷ್ಟರಲ್ಲಿ ಮರದಡಿಯಿಂದ ಕುರಿಮರಿಗಳ ಕೂಗು ಕೇಳಿಸಿತು; ಅಲ್ಲೊಬ್ಬ ಕುರಿಗಾಹಿ ನಿಂತಿದ್ದ.

“ಲೇ, ಮರ ಬಿಟ್ಟು ಈ ಕಡೆ ಬಾರಪ್ಪ!” ಎಂದು ಸಾಹೇಬರು ಕಿರುಚಿದರು.

“ಎಳೇ ಮರಿ ಅವೆ, ನೆಂದ್ರೆ ಸಾಯ್ತವೆ,” ಎಂದ ಕುರಿಗಾಹಿ.

ಸಾಹೇಬರು ಕ್ಯಾಮೆರಾವನ್ನು ಹಾಗೇ ಬಿಟ್ಟು ಓಡಿದರು. ಎರಡು ಮರಿಗಳನ್ನು ಎತ್ತಿಕೊಂಡು ಬಂದೇಬಿಟ್ಟರು. ಅವನು ಬೈಯುತ್ತ, ಕುರಿಗಳೊಂದಿಗೆ ಅವರ ಹಿಂದೆಯೇ ಬಂದ. ಎಲ್ಲರೂ ತಗ್ಗಿನಲ್ಲಿ ಕುಕ್ಕರಿಸುವಷ್ಟರಲ್ಲಿ ಸಿಡಿಲು ಆ ಮರವನ್ನು ಸೀಳಿತು.

ಫೋಟೊ ಅದ್ಭುತವಾಗಿ ಬಂದಿತ್ತು. ಮುಂದಿನ ಸಂತೆಗೆ ಬಂದ ಕುರಿಗಾಹಿ ಸ್ಟುಡಿಯೊದಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದ್ರಾಗೆ ನಾನೆಲ್ಲಿ ಅದೀನಿ ಸಾಬ್ರೆ?”

“ನೀನಿಲ್ಲಪ್ಪ,” ಎಂದರು ಸಾಹೇಬರು. “ಅದ್ಕೇ ಫೋಟೊ ಚೆನ್ನಾಗೈತೆ.”