ಕ್ಷಮೆ ಕೇಳುವುದರಲ್ಲಿ ಪಳಗಿದವನು
ಆಸ್ಟ್ರೇಲಿಯದ ಫುಟ್‌ಬಾಲ್ ಆದ ಫುಟಿಯ ಚೆಂಡನ್ನು ಎಡಗಾಲಿನಿಂದ ಬೇಕಾದಲ್ಲಿಗೆ ಒದೆಯಬಲ್ಲ ಬ್ರೋಡಿ ಹ್ಯಾನಿಗನ್, ಅದಕ್ಕಿಂತ ಚೆನ್ನಾಗಿ ಕ್ಷಮೆ ಕೇಳಬಲ್ಲ. ಮೆಲ್ಬರ್ನಿನ ದೊಡ್ಡ ತಂಡದಲ್ಲಿದ್ದಾಗ ಕುಡಿದು ಕಾರನ್ನು ಬೇಕರಿಗೆ ನುಗ್ಗಿಸಿದರೂ, ಪಬ್ಬಿನಲ್ಲಿ ಯಾರದೋ ಹಲ್ಲು ಉದುರಿಸಿದರೂ, ಮರುದಿನ ತಲೆ ಬಾಚಿಕೊಂಡು ಟೀವಿಯೆದುರು ಹಾಜರು: "ತಂಡದ ಮಾನ ಕಳ್ದೆ. ನಾಳೆಯಿಂದ ನಾನು ಹೊಸ ಮನುಷ್ಯ." ಮೂರನೆಯ ಹೊಸ ಮನುಷ್ಯನನ್ನೂ ನೋಡಿದ ಮೇಲೆ ತಂಡ ಅವನನ್ನು ಊರಿಗೆ ಅಟ್ಟಿತು. ಊರಿನ ಲೀಗಿನಲ್ಲಿ ಅಂಪೈರನ್ನು ನೂಕಿ ಅಲ್ಲೂ ನಿಷೇಧ. "ಸಾರಿ ಕೇಳಿದೀನಿ ಕಣಮ್ಮ." "ನಿನ್ ಸಾರಿಗೇನಪ್ಪ ಬರ," ಎನ್ನುತ್ತಾಳೆ ತಾಯಿ ಮರ್ಲ್. ಪ್ರತಿ ಶನಿವಾರ ಊರಿನ ಪಂದ್ಯ ನೋಡಲು ಗೋಲ್ ಕಂಬಗಳ ಹಿಂದೆ ನಿಲ್ಲುವ ಅವಳ ಕಾರಿನಲ್ಲಿ ಈಗ ಅವನೂ ಕೂರುತ್ತಾನೆ. ಊರಿನವರು ಗೋಲು ಹೊಡೆದಾಗ ಮೈದಾನದ ಸುತ್ತಲಿನ ಕಾರುಗಳೆಲ್ಲ ಹಾರನ್ ಮೊಳಗಿಸುತ್ತವೆ. ಅಭ್ಯಾಸಬಲದಿಂದ ಹಾರನ್ನಿನತ್ತ ಚಾಚಿದ ತಾಯಿಯ ಕೈ ಮಗನ ಮುಖ ನೋಡಿ ಮಡಿಲಿಗೆ ಮರಳುತ್ತದೆ. ಆಗ ಮಾತ್ರ ಬ್ರೋಡಿಗೆ ಒಂದು ಮಾತೂ ಹೊಳೆಯುವುದಿಲ್ಲ.